ತೋರುಬೆರಳು

“ಹತ್ರ ಹೋಗಬ್ಯಾಡ್ರೇ, ಮೈಗೆ ಹತ್ತೀತು! ಮಗನ್ನ ಮಾರಿದ ಸಾಬೂನಿನ ವಾಸನಿ ಅದು!”

ನುವ್ವಾರಾ ಹೀಗೆಂದಾಗ ಬಾವಿಯ ಸುತ್ತ ಕೊಡ ಹಿಡಿದು ನಿಂತಿದ್ದ ಹೆಂಗಸರು ನಕ್ಕರು. ನಗುವ ತ್ರಾಣ ಅವರಲ್ಲಿ ಹೆಚ್ಚೇನೂ ಉಳಿದಿರಲಿಲ್ಲ. ನಕ್ಕವರಲ್ಲಿ ಒಬ್ಬಿಬ್ಬರು ಕೆಮ್ಮುತ್ತ ಕೂತೇಬಿಟ್ಟರು. ತಿಬ್ರಾ ತಲೆ ಎತ್ತಲಿಲ್ಲ. ಇಟಲಿಯ ಅಧಿಕಾರಿಯ ಒಳಚಡ್ಡಿಗೆ ಸಾಬೂನು ತಿಕ್ಕಿ, ಕಲ್ಲಿಗೆ ಬಡಿದು, ಹಿಂಡಿ, ಮತ್ತೆ ಬಡಿದಳು.

“ಯಾಕ, ಕೇಳ್ಸೂದಿಲ್ಲೇನ? ಹೊಟ್ಟಿ ತುಂಬಿದವರಿಗೆ ಕಿವಿ ಮಂದ ಆಗತಾವೇನ?”

“ಸಾಕ ಬಿಡ ನುವ್ವಾರಾ,” ಅಂದಳು ಮುದುಕಿ ಮರ್ಯೂಮಾ. “ಇರೋ ಒಂದೀಟು ಉಗುಳನ್ನ ಯಾಕ ಖರ್ಚು ಮಾಡ್ತಿ? ನೀರ ಸೇದು.”

ಮರ್ಯೂಮಾ ಅವರ ಕುಲದ ಸೂಲಗಿತ್ತಿ. ಅಲ್ಲಿ ನಿಂತ ಹೆಂಗಸರ ಮಕ್ಕಳೆಲ್ಲ ಮೊದಲು ಬಿದ್ದದ್ದು ಅವಳ ಅಂಗೈಗೆ. ತಿಬ್ರಾಳ ಮಗ ಸಾಫಿಯೂ ಹಾಗೆಯೇ. ಮುದುಕಿಯ ಮಾತಿಗೆ ಎಲ್ಲರೂ ನೀರು ಸೇದತೊಡಗಿದರು.

ಅದು ಮುಳ್ಳುತಂತಿ ಸುತ್ತಿದ ಊರು. ಹರಕು ಡೇರೆಗಳ ಸಾಲುಗಳು, ಒಂದು ಉಪ್ಪುನೀರಿನ ಬಾವಿ, ಒಂದು ಕಡೆ ಸಮುದ್ರ, ಉಳಿದೆಲ್ಲ ಕಡೆ ಮರಳು. ಬೆಂಗಾಜಿ ಪಟ್ಟಣದ ಆಚೆಯ ಹಸಿರು ಬೆಟ್ಟದ ಮೇಲೆ ಕುರಿ, ಒಂಟೆ ಮೇಯಿಸಿಕೊಂಡಿದ್ದ ಕುಲಗಳನ್ನೆಲ್ಲ ಇಟಲಿಯ ಸೈನ್ಯ ಬಂದೂಕಿನ ಮುಂದೆ ನಡೆಸಿಕೊಂಡು ಬಂದು ಇಲ್ಲಿ ಕೂಡಿಹಾಕಿತ್ತು. ಬೆಟ್ಟದಲ್ಲಿ ಇನ್ನೂ ಹೋರಾಡುತ್ತಿದ್ದ ಗಂಡಸರಿಗೆ ಒಂದು ಹಿಡಿ ಜವೆಗೋದಿಯೂ ಸಿಗಬಾರದು, ಅದಕ್ಕೆ. ದಾರಿಯಲ್ಲಿ ಕೂತವರನ್ನು ಕೂತಲ್ಲೇ ಗುಂಡಿಟ್ಟು ಕೊಂದರು. ತಿಬ್ರಾಳ ಗಂಡ ಆ ಗಂಡಸರ ಜೊತೆ ಹೋದವನು. ಇದ್ದಾನೋ ಇಲ್ಲವೋ ತಿಳಿಯದು. ಅವಳ ಮಗಳು ಇಲ್ಲಿಗೆ ಬಂದ ಮೊದಲ ಚಳಿಗಾಲದಲ್ಲೇ ಹಸಿವಿನಿಂದ ಸತ್ತಳು. ಸಾಯುವ ಮೊದಲು ಕೂಸು ಡೇರೆಯ ಹಗ್ಗವನ್ನು ಚೀಪುತ್ತಿತ್ತು.

ಆಮೇಲೆ ಹುಡುಗರಿಗಾಗಿ ಲಾರಿ ಬಂತು. ಗಂಡುಮಕ್ಕಳನ್ನು ಕರೆದೊಯ್ದು, ಉಡಿಸಿ ಉಣಿಸಿ, ಇಟಲಿಯ ಸಿಪಾಯಿಗಳನ್ನಾಗಿ ಮಾಡುವ ಒಂದು ಶಾಲೆ ಇದೆಯಂತೆ. ಉಳಿದ ತಾಯಂದಿರು ಮಕ್ಕಳನ್ನು ಬಟ್ಟೆಯ ಗಂಟಿನೊಳಗೆ, ಮರಳಿನ ಗುಣಿಯೊಳಗೆ ಬಚ್ಚಿಟ್ಟರು. ಸಿಪಾಯಿಗಳ ಕೈ ಕಚ್ಚಿದರು; ಕೆಲವರ ಮಕ್ಕಳು ಉಳಿದರು. ತಿಬ್ರಾ ಮಾತ್ರ ಸಾಫಿಯ ಮುಖ ತೊಳೆದು, ಕೈ ಹಿಡಿದು ನಡೆಸಿಕೊಂಡು ಹೋಗಿ ತಾನೇ ಲಾರಿ ಹತ್ತಿಸಿದಳು. ಅದರ ಮರುದಿನದಿಂದ ಅವಳಿಗೆ ಅಧಿಕಾರಿಯ ಬಟ್ಟೆ ಒಗೆಯುವ ಕೆಲಸ ಸಿಕ್ಕಿತು, ಒಂದು ಚೀಲ ಜವೆಗೋದಿ ಸಿಕ್ಕಿತು.

ಚೀಲ ಬಂದದ್ದು ಮಗ ಹೋದ ಮೇಲೆ. ಹಾಗಂತ ಅವಳು ತನಗೆ ತಾನೇ ಹೇಳಿಕೊಳ್ಳುತ್ತಿದ್ದಳು. ಆದರೆ ಲಾರಿಯ ಮೂಲೆಯಲ್ಲಿ ಚೀಲಗಳನ್ನು ಒಟ್ಟಿದ್ದು ಅವಳಿಗೆ ಮೊದಲೇ ಕಂಡಿತ್ತು.

*

“ಏ ಒಗ್ಯಾಕಿ! ದೊರಿ ಕರೀತಾರ. ಹೊಸ್ತಿಲದಾಗ ನಿಂದರು, ಒಳಗ ಬರಬ್ಯಾಡ, ಹೇನು ಉದುರತಾವ.”

ಕರೆದವನು ಶಾಬಾನ್ ಎಫೆಂದಿ. ಬೆಂಗಾಜಿ ಪಟ್ಟಣದವನು, ಅಧಿಕಾರಿಯ ಮಾತನ್ನು ಇವರಿಗೆ ತಿರುಗಿಸಿ ಹೇಳುವ ದುಭಾಷಿ. ಇವರ ನಡುವೆ ಓಡಾಡುವಾಗೆಲ್ಲ ಅತ್ತರು ಹಚ್ಚಿದ ಕರವಸ್ತ್ರವನ್ನು ಮೂಗಿಗೆ ಒತ್ತಿಕೊಂಡಿರುತ್ತಿದ್ದ.

ಅಧಿಕಾರಿ ಕಿತ್ತಳೆ ಸುಲಿಯುತ್ತ ಕೂತಿದ್ದ. ಅವನ ತಲೆಯ ಮೇಲೆ ಗೋಡೆಯಲ್ಲಿ ರೋಮಿನ ಕಪ್ಪಂಗಿ ನಾಯಕನ ಪಟ. ಹೆಂಗಸರೆಲ್ಲ ಈ ಅಧಿಕಾರಿಯನ್ನು ಕೆಂಪುಮೂತಿ ಎಂದೇ ಕರೆಯುತ್ತಿದ್ದರು. ಅವನು ಎದ್ದು ಬಂದು, ಎರಡು ಬೆರಳಿನಲ್ಲಿ ತಿಬ್ರಾಳ ದವಡೆ ಹಿಡಿದು ಬಾಯಿ ತೆರೆಸಿದ. ಒಳಗೆ ಬಗ್ಗಿ ನೋಡಿದ. ಏನೋ ಹೇಳಿ ನಕ್ಕ. ಆಮೇಲೆ ಕೈ ಒರೆಸಿಕೊಂಡು ಮತ್ತೆ ಕಿತ್ತಳೆ ಎತ್ತಿಕೊಂಡ.

“ನಿನ್ನ ಹಲ್ಲು ಗಟ್ಟಿ ಅದಾವಂತ,” ಅಂದ ಶಾಬಾನ್. “ಉಳದ ಹೆಣ್ಣಮಕ್ಕಳ ಒಸಡಿನಾಗ ರಕ್ತ ಬರತೈತಿ, ನಿನಗಿಲ್ಲ. ಇದನ್ನ ಹೋಗಿ ಅವರಿಗೆ ತೋರ್ಸಬೇಕಂತ. ನಾಡಿದ್ದ ಪೇಪರಿನವ ಬರತಾನ, ಫೋಟೋ ಹಿಡೀತಾನ. ತಾಯಂದ್ರು ತಾವ ಮಕ್ಕಳ ಕೈ ಹಿಡಕೊಂಡು ಬಂದು ಲಾರಿ ಹತ್ತಿಸಬೇಕು. ನೀ ಹತ್ತಿಸಿದಿಯಲ್ಲ, ಹಂಗ. ಕಚ್ಚೂದು ಪರಚೂದು ಫೋಟೋದಾಗ ಬರಬಾರದು.”

“ನನ್ನ ಮಾತ ಯಾರ ಕೇಳತಾರ್ರೀ? ನನ್ನ ಮಾರಿಗೆ ಉಗಳತಾರ.”

“ಒರಸ್ಕೊಂಡು ಹೇಳು. ನಾಳೆ ನಿನ್ನ ಮಗನ್ನ ಕರಸ್ತಾರ. ನೋಡಾಕ ಬೇಕೋ ಬ್ಯಾಡೋ?”

ಸಾಫಿಯನ್ನು ನೋಡದೆ ವರ್ಷ ಕಳೆದಿತ್ತು. ತಿಬ್ರಾ ಬೇಕು ಅಂದಳೋ, ಬರಿಯ ತಲೆಯಾಡಿಸಿದಳೋ, ಆಮೇಲೆ ಎಷ್ಟು ನೆನೆದರೂ ಅವಳಿಗೆ ನೆನಪಾಗಲಿಲ್ಲ.

*

ಅವಳು ಮೊದಲು ಹೋದದ್ದು ನುವ್ವಾರಾಳ ಡೇರೆಗೆ. ನುವ್ವಾರಾ ಒಪ್ಪಿದರೆ ಆ ಸಾಲಿನ ಎಲ್ಲರೂ ಒಪ್ಪುತ್ತಾರೆ ಎಂದು ತಿಬ್ರಾಳಿಗೆ ಗೊತ್ತಿತ್ತು.

ಡೇರೆಯ ನೆರಳಲ್ಲಿ ನುವ್ವಾರಾಳ ಮಗ ಯಾದೆಮ್ ಮಲಗಿದ್ದ. ವಯಸ್ಸು ಸಾಫಿಯದೇ. ಕಾಲುಗಳು ಒಣಗಿದ ಕಡ್ಡಿ, ಹೊಟ್ಟೆ ಮಾತ್ರ ಊದಿತ್ತು. ತುಟಿಯ ಮೇಲೆ ಕೂತ ನೊಣವನ್ನು ಓಡಿಸಲೂ ಅವನು ಕೈ ಎತ್ತಲಿಲ್ಲ.

“ಏನ್ ತಂದಿ? ಕೆಂಪುಮೂತಿಯ ಎಂಜಲೇನ?” ಅಂದಳು ನುವ್ವಾರಾ.

“ಬೈಯಿ ಬೇಕಾದ್ರ. ಬೈದು ಮುಗಿಸಿ ನನ್ನ ಮಾತ ಕೇಳು. ಅಲ್ಲಿ ದಿನಾ ಬಿಳಿ ರೊಟ್ಟಿ ಕೊಡತಾರ. ಕಾಲಿಗೆ ಬೂಟು ಕೊಡತಾರ.”

“ತಲಿ ಒಳಗ ಏನ್ ತುಂಬತಾರ, ಅದನ್ನ ಹೇಳು.”

“ಮೊದಲ ಹೊಟ್ಟಿ ತುಂಬಲಿ ನುವ್ವಾರಾ. ನನ್ನ ಹುಡಿಗಿ ಹೋದದ್ದನ್ನ ನೀ ನೋಡೀಯಲ್ಲ. ನೀನ ಬಂದು ಕಣ್ಣು ಮುಚ್ಚಿದಿ.”

ನುವ್ವಾರಾ ಮಗನ ಬಾಯಿಯ ಮೇಲಿನ ನೊಣ ಓಡಿಸಿದಳು. ಅದು ಮತ್ತೆ ಬಂದು ಅಲ್ಲೇ ಕೂತಿತು.

“ಖರೆ ಹೇಳು,” ಅಂದಳು ಕಡೆಗೆ. ದನಿಯಲ್ಲಿ ಮೊದಲಿನ ಕೊಂಕು ಇರಲಿಲ್ಲ. “ಅಲ್ಲಾನ ಮ್ಯಾಲ ಆಣಿ ಮಾಡಿ ಹೇಳು. ನಿನ್ನ ಮಗ ಚಲೋ ಅದಾನೇನ?”

“ಅಲ್ಲಾನ ಆಣಿ, ಚಲೋ ಅದಾನ.”

“ಮೊದಲಿನಂಗ ಅದಾನೇನ?”

“ಮೊದಲಿನಂಗ ಅದಾನ,” ಅಂದಳು ತಿಬ್ರಾ.

*

ಮರುದಿನ ಮಧ್ಯಾಹ್ನ ಹುಡುಗರ ಲಾರಿ ಬಂತು. ಎಲ್ಲರನ್ನೂ ಡೇರೆಗಳಿಂದ ಎಬ್ಬಿಸಿ ಬಾವಿಯ ಮುಂದಿನ ಬಯಲಿಗೆ ತಂದು ನಿಲ್ಲಿಸಿದರು. ಹುಡುಗರು ಇಳಿದು ಸಾಲಾಗಿ ನಿಂತರು. ತಲೆಗೆ ಕರಿ ಟೋಪಿ, ಹೆಗಲ ಮೇಲೆ ಕಟ್ಟಿಗೆಯ ಬಂದೂಕು. ತಿಬ್ರಾಳಿಗೆ ಮೊದಲು ಮಗನ ಗುರುತೇ ಸಿಗಲಿಲ್ಲ. ಅವನ ಕೆನ್ನೆ ತುಂಬಿತ್ತು. ಮೀನಖಂಡ ದಪ್ಪವಾಗಿತ್ತು. ಅವಳಿಗೆ ಅಳು ಬಂತು. ಅಳುವಾಗ ಪಕ್ಕದ ಹೆಂಗಸು ತನ್ನ ಕಡೆ ಆಸೆಗಣ್ಣಿನಿಂದ ನೋಡಿದ್ದು ಕಂಡು, ಎದೆಯೊಳಗೆ ಏನೋ ಹಿಗ್ಗಿದಂತೆಯೂ ಆಯಿತು.

ಆಗ ಸಿಪಾಯಿಗಳು ಮರ್ಯೂಮಾಳನ್ನು ಎಳೆದು ತಂದರು.

ಬೆಳಿಗ್ಗೆ ಸೌದೆಗೆಂದು ತಂತಿಯಾಚೆ ಹೋದಾಗ ಮುದುಕಿ ಸಿಕ್ಕಿಬಿದ್ದಿದ್ದಳು. ಸೆರಗಿನ ಗಂಟಿನಲ್ಲಿ ಜವೆಗೋದಿ ತುಂಬಿ, ಬೆಟ್ಟದವರು ಬಂದು ಒಯ್ಯಲೆಂದು ಮುಳ್ಳುಗಿಡದ ಬುಡದಲ್ಲಿ ಹೂಳುತ್ತಿದ್ದಳು. ಹಸಿದ ಹೆಂಗಸರು ತಮ್ಮ ತಮ್ಮ ಪಾಲಿನಲ್ಲಿ ಚಿಟಿಕೆ ಚಿಟಿಕೆ ಉಳಿಸಿ ಕೂಡಿಸಿದ ಕಾಳು ಅದು. ತಿಬ್ರಾಳನ್ನು ಯಾರೂ ಕೇಳಿರಲಿಲ್ಲ. ಚೀಲ ಇದ್ದದ್ದು ಅವಳೊಬ್ಬಳ ಡೇರೆಯಲ್ಲಿ.

ಮುದುಕಿಯನ್ನು ಕಂಬಕ್ಕೆ ಕಟ್ಟಿ ಬೆನ್ನಿನ ಬಟ್ಟೆ ಹರಿದರು. ಎರಿಟ್ರಿಯಾದಿಂದ ತಂದಿದ್ದ ಕೂಲಿ ಸಿಪಾಯಿ ಚಾವಟಿ ಹಿಡಿದು ಮುಂದೆ ಬಂದ. ಕೆಂಪುಮೂತಿ ಅವನನ್ನು ತಡೆದ. ಹುಡುಗರ ಸಾಲಿನ ಉದ್ದಕ್ಕೂ ನಡೆದು, ಸಾಫಿಯ ಮುಂದೆ ನಿಂತು, ಅವನ ಗಲ್ಲ ತಟ್ಟಿ, ಚಾವಟಿಯನ್ನು ಅವನ ಕೈಗೆ ಕೊಟ್ಟ.

ಸಾಫಿ ಹಿಂದೆ ಮುಂದೆ ನೋಡಲಿಲ್ಲ. ಕಟ್ಟಿಗೆಯ ಬಂದೂಕನ್ನು ನೆಟ್ಟಗೆ ನೆಲಕ್ಕಿಟ್ಟು, ನಾಲ್ಕು ಹೆಜ್ಜೆ ಮುಂದೆ ಬಂದು ಹೊಡೆಯತೊಡಗಿದ. ಪ್ರತಿ ಏಟಿಗೂ ಇಟಲಿಯ ಮಾತಿನಲ್ಲಿ ಗಟ್ಟಿಯಾಗಿ ಎಣಿಸುತ್ತಿದ್ದ. ಮರ್ಯೂಮಾ ಮೊದಮೊದಲು ಅವನ ಹೆಸರು ಹಿಡಿದು ಕರೆದಳು. ಆಮೇಲೆ ಕರೆಯುವುದನ್ನು ಬಿಟ್ಟಳು. ಹೆಂಗಸರು ನೆಲ ನೋಡುತ್ತಿದ್ದರು. ನುವ್ವಾರಾ ಮಾತ್ರ ತಿಬ್ರಾಳನ್ನೇ ನೋಡುತ್ತಿದ್ದಳು.

ಎಲ್ಲ ಮುಗಿದ ಮೇಲೆ ಅವನನ್ನು ತಾಯಿಯ ಹತ್ತಿರ ಬಿಟ್ಟರು. ಅವನು ಓಡಿಬಂದ. ಹಣೆಯ ಮೇಲೆ ಬೆವರಿತ್ತು.

“ಯವ್ವಾ, ನೋಡಿದೇನ? ನಾ ಒಂದೂ ತಪ್ಪಲಿಲ್ಲ, ಎಣಸೂದು! ನಮ್ಮ ಗುಂಪಿನಾಗ ಎಲ್ಲಾರೂ ತಪ್ಪತಾರ, ನಾ ಒಬ್ಬನ ತಪ್ಪೂದಿಲ್ಲ.”

“ನೋಡಿದೆ,” ಅಂದಳು ತಿಬ್ರಾ.

“ಅಕಿ ಕಳ್ಳಿ ಅಂತ. ಹೌದೇನ?”

ಅವಳು ಮಗನ ಟೋಪಿ ತೆಗೆದು ತಲೆ ಸವರಿದಳು. ಕೂದಲನ್ನು ಬೋಳಿಸಿದ್ದರು. ಸಾಫಿ ಜೇಬಿನಿಂದ ಒಂದು ತುಂಡು ಬಿಳಿ ರೊಟ್ಟಿ ತೆಗೆದ. “ನಿನಗಂತ ಇಟ್ಕೊಂಡಿದ್ದೆ. ನಾ ನೋಡಬೇಕು, ಈಗ ತಿನ್ನು,” ಅಂದ. ಇಪ್ಪತ್ತು ಮಾರು ದೂರದಲ್ಲಿ ಮುದುಕಿಯನ್ನು ಕಂಬದಿಂದ ಬಿಚ್ಚುತ್ತಿದ್ದರು. ತಿಬ್ರಾ ರೊಟ್ಟಿ ತಿಂದಳು. ರುಚಿಯಾಗಿತ್ತು. ಆ ರುಚಿಗೆ ಅವಳು ತನ್ನ ನಾಲಿಗೆಯನ್ನು ಎಂದೂ ಕ್ಷಮಿಸಲಿಲ್ಲ.

*

ಹೊತ್ತು ಇಳಿಯುವಾಗ ಅವಳು ಮರ್ಯೂಮಾಳ ಡೇರೆಗೆ ಹೋದಳು. ಮುದುಕಿ ಬೋರಲು ಬಿದ್ದಿದ್ದಳು. ನುವ್ವಾರಾ ಬೆನ್ನಿಗೆ ಎಣ್ಣೆಯ ಪಸೆ ಹಚ್ಚುತ್ತಿದ್ದಳು.

“ನೀ ಯಾಕ ಬಂದಿ ರಂಡೆ? ಮಗ ಬಿಟ್ಟದ್ದನ್ನ ಮುಗಸಾಕೇನ?”

“ಬರಲಿ ಬಿಡು,” ಅಂದಳು ಮರ್ಯೂಮಾ, ಮುಖ ಎತ್ತದೆ. “ಕೂಸಿನ ಕೈ ಹಗರ ಐತಿ. ಸಿಪಾಯಿ ಹೊಡದಿದ್ರ ನಾ ಇಷ್ಟೊತ್ತಿಗೆ ಮಣ್ಣಾಗತಿದ್ದೆ.” ಒಂದು ಉಸಿರು ಎಳೆದುಕೊಂಡು ಮತ್ತೆ ಅಂದಳು: “ಆದ್ರ ಆ ಕೈ ಬಲೀತೈತಿ, ತಿಬ್ರಾ. ಬಲಿತ ಮ್ಯಾಲ ಖರೆ ಬಂದೂಕ ಕೊಟ್ಟು ಬೆಟ್ಟಕ್ಕ ಕಳಸ್ತಾರ. ಬೆಟ್ಟದಾಗ ಯಾರದಾರ? ಅವರಪ್ಪ ಅದಾನ.”

ತಿಬ್ರಾ ಮುದುಕಿಯ ಕಾಲ ಬಳಿ ಕೂತಳು. “ನುವ್ವಾರಾ, ನಾ ಸುಳ್ಳ ಹೇಳಿದೆ. ನಿನ್ನ ಮುಂದ ಆಣಿ ಮಾಡುವಾಗ ನಾ ಅವನ್ನ ನೋಡಿದ್ದಿಲ್ಲ. ಕೊಟ್ಟಾಗಿಂದ ನೋಡಿದ್ದಿಲ್ಲ.”

“ಈಗ ಹೇಳ್ತೀ?” ನುವ್ವಾರಾ ಎಣ್ಣೆಯ ಬಟ್ಟಲನ್ನೇ ಅವಳ ಮೇಲೆ ಎಸೆದಳು. “ನಿನ್ನ ಹಾಳ ಬಾಯಿ ನಂಬಿ ನಾ ಒಪ್ಪಿದೆ. ನನ್ನ ನಂಬಿ ಈ ಸಾಲಿನವರೆಲ್ಲ ಒಪ್ಪಿದ್ರು. ನಾಳೆ ಮುಂಜಾನೆ ಲಾರಿ ನಿಂದರತೈತಿ. ಇನ್ನ ಒಲ್ಲೆ ಅಂದ್ರ ಬಿಡತಾರೇನ ಆ ಸೂಳಿಮಕ್ಕಳು?”

ಹೊರಗೆ ಗಾಳಿಗೆ ಮುಳ್ಳುತಂತಿ ಗುಂಯ್‌ಗುಡುತ್ತಿತ್ತು. ಮರ್ಯೂಮಾ ಮೊಣಕೈ ಊರಿ, ನೋವಿಗೆ ಹಲ್ಲು ಕಚ್ಚಿ, ಅರ್ಧ ಎದ್ದಳು.

“ನಮ್ಮವ್ವ ಈಜಿಪ್ತಿನಾಕಿ. ಅಕಿ ಹೇಳತಿದ್ಲು, ಅಲ್ಲಿ ಆಳೂ ಪಾಶಾನ ಮಂದಿ ದಂಡಿಗೆ ಹುಡುಗರನ್ನ ಹಿಡಿಯಾಕ ಬಂದಾಗ ತಾಯಂದ್ರು ಏನ್ ಮಾಡತಿದ್ರು ಅಂತ.” ಬಲಗೈ ಎತ್ತಿ, ತೋರುಬೆರಳನ್ನು ಮೆಲ್ಲಗೆ ಮಡಿಚಿದಳು. “ಬಂದೂಕಿನ ಕುದುರಿ ಎಳಿಯೂದು ಇದು. ಇದು ಮಡಚದಿದ್ರ ಹುಡುಗ ಅವರಿಗೆ ಬ್ಯಾಡ.”

ನುವ್ವಾರಾ ಬಾಯಿಗೆ ಸೆರಗು ಒತ್ತಿಕೊಂಡಳು.

“ನನ್ನ ಬರೆ ಹಾಕೂ ಕಬ್ಬಿಣ ಆ ಗಂಟಿನಾಗ ಐತಿ,” ಅಂದಳು ಮುದುಕಿ. “ಹೊಟ್ಟಿನೋವಿಗೆ, ಕಾಮಾಲಿಗೆ ಎಷ್ಟ ಮಂದಿಗೆ ಹಾಕೀನಿ. ಆದ್ರ ಇವತ್ತ ನನ್ನ ಕೈ ನಿಂದರೂದಿಲ್ಲ.”

“ನನ್ನ ಕೈಲೆ ಆಗೂದಿಲ್ಲ ಆಯಿ. ನನ್ನ ಮಗನ್ನ ನಾ ಹೆಂಗ…” ಅಂದಳು ನುವ್ವಾರಾ.

“ನಾ ಹಾಕತೀನಿ,” ಅಂದಳು ತಿಬ್ರಾ.

ನುವ್ವಾರಾ ಅವಳ ಕಡೆ ತಿರುಗಿದಳು. “ಹಾಕತೀ, ನಿನಗೇನ? ನಿನ್ನ ಮಗನ ಬೆರಳ ಜೋಪಾನ ಅದಾವ. ಮಂದಿ ಮಕ್ಕಳನ್ನ ಸುಡಾಕ ನಿನಗ್ಯಾತರ ಸಂಕಟ?”

ತಿಬ್ರಾ ಗಂಟು ಬಿಚ್ಚಿ ಕಬ್ಬಿಣ ತೆಗೆದಳು. ನುವ್ವಾರಾ ಬಹಳ ಹೊತ್ತು ಅತ್ತಳು. ಅತ್ತು ಮುಗಿದ ಮೇಲೆ, ಬಿದ್ದಿದ್ದ ಬಟ್ಟಲನ್ನು ಎತ್ತಿಟ್ಟು, ಬೇರೆ ಯಾರದೋ ಮಗನ ಬಗ್ಗೆ ಮಾತಾಡುವಂತೆ ಅಂದಳು: “ನೀನ ಹಾಕು. ಅಂವ ದೊಡ್ಡಾಂವ ಆದ ಮ್ಯಾಲ ಯಾರನ್ನರ ಶಪಿಸಬೇಕಲ್ಲ. ನನ್ನ ಶಪಿಸೂದು ಬ್ಯಾಡ.”

*

ಬೆಳಕು ಹರಿಯುವಾಗ ನುವ್ವಾರಾಳ ಡೇರೆಯೊಳಗೆ ಸಣ್ಣ ಬೆಂಕಿ ಹಾಕಿದರು. ಸಾಲಿನ ತಾಯಂದಿರು ಮಕ್ಕಳನ್ನು ತೊಡೆಯ ಮೇಲೆ ಕೂಡಿಸಿಕೊಂಡು ಕಾದರು.

ಮೊದಲನೆಯವನು ಯಾದೆಮ್. ಅವನಿಗೆ ಹೆದರಿಕೆಯೇನೂ ಇರಲಿಲ್ಲ. ಲಾರಿಯ ಸುದ್ದಿ ಅವನೂ ಕೇಳಿದ್ದ.

“ಇದನ್ನ ಹಾಕಿದ ಮ್ಯಾಲ ನಾ ಸಾಫಿ ಹಂತೇಕ ಹೋಗತೀನೇನ?”

“ಇಲ್ಲಪ್ಪ.”

“ಮತ್ತ ನನಗ ರೊಟ್ಟಿ?”

ತಿಬ್ರಾ ಅವನ ಬಲಗೈ ಹಿಡಿದಳು. ಆ ಕೈಯಲ್ಲಿ ಮಾಂಸವೇ ಇರಲಿಲ್ಲ. ನುವ್ವಾರಾ ಮಗನ ಮುಖವನ್ನು ತನ್ನ ಎದೆಗೆ ಒತ್ತಿಕೊಂಡು, ತಾನು ಆಚೆ ನೋಡಿದಳು. ಹುಡುಗನ ಕೂಗು ಆ ಎದೆಯೊಳಗೇ ಉಳಿಯಿತು. ತಿಬ್ರಾಳ ಅಂಗೈಯೊಳಗೆ ಅವನ ಇಡೀ ಮೈ ನೆಗೆದು, ನಡುಗಿ, ಜೋತುಬಿದ್ದಿತು. ಸುಟ್ಟ ವಾಸನೆಗೆ ಹಸಿದ ಇನ್ನೊಂದು ಕೂಸು ಮೂಗರಳಿಸಿ ತಾಯಿಯ ಮುಖ ನೋಡಿತು.

ತಿಬ್ರಾ ಕಬ್ಬಿಣವನ್ನು ಮತ್ತೆ ಬೆಂಕಿಗಿಟ್ಟಳು. ಅದು ಕೆಂಪಾಗುವವರೆಗೆ ಕಾದಳು. “ಮುಂದಿನಾಂವ ಯಾರು?” ಅಂದಳು.

*

ಲಾರಿ ಹೇಳಿದ ಹೊತ್ತಿಗೆ ಬಂದು ನಿಂತಿತು. ಸಾಫಿ ಮತ್ತು ಅವನ ಜೊತೆಯವರು ಅದರ ಮೇಲೆ ನಿಂತಿದ್ದರು. ಪೇಪರಿನವನು ಮೂರು ಕಾಲಿನ ಕ್ಯಾಮರಾ ಹೂಡಿದ. ಉಳಿದ ಸಾಲುಗಳ ಹೆಂಗಸರನ್ನೂ ನೋಡಲಿ ಎಂದು ತಂದು ನಿಲ್ಲಿಸಿದ್ದರು.

ನುವ್ವಾರಾ ಮೊದಲಾಗಿ ಸಾಲಿನ ತಾಯಂದಿರು ಮಕ್ಕಳ ಹೆಗಲ ಮೇಲೆ ಕೈಯಿಟ್ಟು, ತಾವಾಗಿಯೇ, ಒಬ್ಬರ ಹಿಂದೆ ಒಬ್ಬರು ನಡೆದು ಬಂದರು. ಯಾರೂ ಅಳಲಿಲ್ಲ. ಕೆಂಪುಮೂತಿಗೆ ಹಿಗ್ಗೋ ಹಿಗ್ಗು. ತಿಬ್ರಾಳ ಕಡೆ ತಿರುಗಿ ತಲೆಯಾಡಿಸಿದ. ಕ್ಯಾಮರಾದವನು ಕರಿ ಬಟ್ಟೆಯೊಳಗೆ ತಲೆ ತೂರಿಸಿದ. ದಂಡಿನ ಡಾಕ್ಟರು ಮುಂದೆ ಬಂದು, ಯಾದೆಮ್‌ನ ನಾಲಿಗೆ ನೋಡಿ, ಕಣ್ಣು ನೋಡಿ, ಕೈ ಎತ್ತಿದ. ಕೈಗೆ ಚಿಂದಿ ಸುತ್ತಿತ್ತು. ಬಿಚ್ಚಿದ. ಮುಂದಿನವನ ಕೈ ಎತ್ತಿದ. ಅದರ ಮುಂದಿನವನದು. ಆಮೇಲೆ ಅಧಿಕಾರಿಯ ಮುಖ ನೋಡಿದ.

ಕೆಂಪುಮೂತಿ ಕಿರುಚಿದ. ಕ್ಯಾಮರಾದ ಕಾಲಿಗೆ ಒದ್ದ. ಶಾಬಾನ್ ಓಡಿಬಂದು ನುವ್ವಾರಾಳ ಕೆನ್ನೆಗೆ ಹೊಡೆದ.

“ಯಾರ್ಲೇ ಮಾಡಿದ್ದು? ಯಾವ ಭಾಡಕೌ ಮಾಡಿದ್ಲು? ಹೇಳ್ರಿ!”

ಯಾರೂ ಬಾಯಿ ಬಿಡಲಿಲ್ಲ. ಶಾಬಾನ್ ಲಾರಿಯಿಂದ ಒಂದು ರೊಟ್ಟಿ ತರಿಸಿದ. ಯಾದೆಮ್‌ನ ಮುಂದೆ ಕುಕ್ಕರುಗಾಲಲ್ಲಿ ಕೂತು, ದನಿ ಇಳಿಸಿ ಕೇಳಿದ: “ನೀ ಶ್ಯಾಣ್ಯಾ ಅದೀ. ಯಾರ ಸುಟ್ರಪ್ಪ ನಿನ್ನ? ಹೇಳಿದ್ರ ಇದು ನಿಂದು.”

ಯಾದೆಮ್ ರೊಟ್ಟಿ ನೋಡಿದ. ತಾಯಿಯನ್ನು ನೋಡಿದ. ಆಮೇಲೆ ಎಡಗೈ ಎತ್ತಿ ತಿಬ್ರಾಳ ಕಡೆ ಚಾಚಿದ. ರೊಟ್ಟಿ ಕಸಿದುಕೊಂಡು ಎರಡು ಕೆನ್ನೆಯೂ ಉಬ್ಬುವಂತೆ ತುರುಕಿಕೊಂಡ.

ತಿಬ್ರಾಳಿಗೆ ಸಿಟ್ಟು ಬರಲಿಲ್ಲ. ಅವನು ಅಗಿಯುವುದನ್ನು ನೋಡುತ್ತ, ಸಾವಕಾಶ ತಿನ್ನೋ, ಗಂಟಲಿಗೆ ಹಿಡಿದೀತು, ಅಂದುಕೊಂಡಳು. ಯಾರೂ ಎಳೆಯುವ ಮೊದಲೇ ಮುಂದೆ ಬಂದು ನಿಂತಳು.

“ಹೌದು. ನಾನ ಮಾಡಿದ್ದು.”

“ಯಾಕಲೇ ಹಡಬಿಟ್ಟಿ? ನಿನಗೇನ ಕಮ್ಮಿ ಮಾಡಿದ್ವಿ? ಚೀಲಗಟ್ಟಲೆ ತಿಂದೀಯಲ್ಲ!”

“ತಿಂದೀನ್ರೀ,” ಅಂದಳು ತಿಬ್ರಾ. “ಒಬ್ಬನ್ನ ಕೊಟ್ಟು ತಿಂದೀನಿ. ನಿಮ್ಮ ದೊರಿಗೆ ಹೇಳ್ರಿ, ಇನ್ನೊಂದು ತುತ್ತು ಇಳಿಯೂದಿಲ್ಲ ಅಂತ.”

ಶಾಬಾನ್ ಅದನ್ನು ತಿರುಗಿಸಿ ಹೇಳಿದನೋ ಇಲ್ಲವೋ. ಅವಳನ್ನು ಕಂಬಕ್ಕೆ ಕಟ್ಟಿದರು. ನಾಳೆ ಉಳಿದ ಸಾಲುಗಳ ಹುಡುಗರನ್ನು ಹಿಡಿಯುವುದು, ಇನ್ನು ಕೇಳುವುದು ಗೀಳುವುದು ಇಲ್ಲ, ಎಳೆದು ತುಂಬುವುದೇ ಎಂದು ಸಾರಿದರು. ಅದಾದ ಮೇಲೆ ಇವಳಿಗೆ ನೇಣು.

ಲಾರಿ ಹೊರಟಿತು. ಸಾಫಿ ಅದರ ಅಂಚು ಹಿಡಿದು, ಕಲಿಸಿಕೊಟ್ಟಂತೆ ನೆಟ್ಟಗೆ ನಿಂತಿದ್ದ. ಕೂಗಲಿಲ್ಲ, ಅಳಲಿಲ್ಲ. ಅಂಚಿನ ಮೇಲಿದ್ದ ಅವನ ಬೆರಳುಗಳನ್ನು ತಿಬ್ರಾ ಕಾಣುವಷ್ಟು ದೂರವೂ ನೋಡಿದಳು. ಐದಕ್ಕೆ ಐದೂ ಚೆನ್ನಾಗಿದ್ದವು.

ಬಿಸಿಲು ನೆತ್ತಿಗೆ ಬಂತು. ಹೆಂಗಸರು ತಮ್ಮ ತಮ್ಮ ಸಾಲುಗಳಿಗೆ ಹೋಗಿದ್ದರು. ಶಾಬಾನ್ ಕಂಬದ ಹತ್ತಿರ ಬೆವರು ಒರೆಸಿಕೊಳ್ಳುತ್ತ ನಿಂತಿದ್ದವನು, ಇದ್ದಕ್ಕಿದ್ದಂತೆ ಕತ್ತು ಎತ್ತಿದ.

ಎರಡನೆಯ ಸಾಲಿನ ಒಂದು ಡೇರೆಯಿಂದ ಹೊಗೆ ಏಳುತ್ತಿತ್ತು. ಅದರ ಪಕ್ಕದ್ದರಿಂದಲೂ ಎದ್ದಿತು. ಮೂರನೆಯ ಸಾಲಿನಿಂದ, ಆಚೆ ಸಮುದ್ರದ ಕಡೆಯ ಸಾಲುಗಳಿಂದ, ತೆಳ್ಳಗೆ, ನೆಟ್ಟಗೆ, ಒಂದಾದ ಮೇಲೊಂದು.

“ಏನ್ ಬೇಯಿಸಾಕತ್ತಾರ ಈ ಹಾಟ್ಯಾನ ಮಂದಿ?” ಅಂದ ಶಾಬಾನ್. “ವಾರದಿಂದ ಕಾಳು ಕೊಟ್ಟಿಲ್ಲ. ಎಲ್ಲಿ ಬಚ್ಚಿಟ್ಟಿದ್ರು?” ಸಿಪಾಯಿಗಳನ್ನು ಕೂಗುತ್ತ, ಬಚ್ಚಿಟ್ಟ ಜವೆಗೋದಿ ಹುಡುಕಲು ಓಡಿದ.

ತಿಬ್ರಾ ಮರಳಿನ ಕಡೆ ಮುಖ ತಿರುಗಿಸಿದಳು. ಯಾವುದೋ ಡೇರೆಯಿಂದ ಮೊದಲ ಹುಡುಗನ ಕೂಗು ಕೇಳಿತು. ಕಿವಿ ಮುಚ್ಚಿಕೊಳ್ಳಲು ಅವಳ ಕೈಗಳನ್ನು ಕಟ್ಟಿಹಾಕಿದ್ದರು.